ಸೈಕಲ್‌ಗೆ ಹಿಂದಿನ ಲೈಟ್: ಬರೀ ಲುಮೆನ್ ನೋಡ್ಬೇಡಿ

ತುಮಕೂರಿನ ಟೌನ್‌ಹಾಲ್ ಸರ್ಕಲ್‌ನಲ್ಲಿ ಸೈಕಲ್‌ಗೆ ಲೈಟ್ ಇಲ್ಲದಿದ್ರೂ ಬೀದಿದೀಪ, ಅಂಗಡಿ ಬೆಳಕಲ್ಲಿ ಹೇಗೋ ಕಾಣ್ತೀವಿ. ಗುಬ್ಬಿ ಕಡೆ ಹೆಗ್ಗೆರೆ, ಕುಣಿಗಲ್ ಕಡೆ ಗೂಳೂರು ದಾಟಿದ ಮೇಲೆ ಕಥೆ ಬೇರೆ. ಲ್ಯಾಬ್ ಮುಗಿಸಿ ಕತ್ತಲಾದ ಮೇಲೆ ಆ ಕಡೆ ಸೈಕಲ್ ತುಳಿಯೋರಿಗೆ ಈ ಲೇಖನ.

ಮೊದಲು ಒಂದು ಲೆಕ್ಕ. ನಿಮ್ಮ ವೇಗ ಗಂಟೆಗೆ 15 ಕಿ.ಮೀ., ಹಿಂದೆ ಬರ್ತಿರೋ ಲಾರಿಯದು 60 ಅಂತಿಟ್ಕೊಳ್ಳಿ. ವ್ಯತ್ಯಾಸ 45, ಅಂದ್ರೆ ಸೆಕೆಂಡಿಗೆ 12.5 ಮೀಟರ್. ನೀವು 30 ಮೀಟರ್ ದೂರದಲ್ಲಿ ಕಂಡ್ರೆ ಡ್ರೈವರ್‌ಗೆ ಸಿಗೋದು 2.4 ಸೆಕೆಂಡ್. 150 ಮೀಟರ್‌ನಲ್ಲೇ ಕಂಡ್ರೆ 12 ಸೆಕೆಂಡ್. ನಾವು ದುಡ್ಡು ಕೊಡೋದು ಈ ಸೆಕೆಂಡುಗಳಿಗೆ.

ಬಾಕ್ಸ್ ಮೇಲೆ ದಪ್ಪಕ್ಷರದಲ್ಲಿ ಲುಮೆನ್ ಬರೆದಿರ್ತಾರೆ. ಅದು ಎಲ್ಲಾ ದಿಕ್ಕಿಗೂ ಹೋಗೋ ಬೆಳಕಿನ ಒಟ್ಟು ಮೊತ್ತ ಅಷ್ಟೇ. ಡ್ರೈವರ್ ಕಣ್ಣಿನ ದಿಕ್ಕಿಗೆ ಎಷ್ಟು ಹೋಗುತ್ತೆ ಅನ್ನೋದನ್ನ ಹೇಳೋದು ಕ್ಯಾಂಡೆಲಾ. 10 ಲುಮೆನ್ ಬೆಳಕನ್ನ ಅರ್ಧಗೋಳದ ತುಂಬ ಸಮವಾಗಿ ಹರಡಿದ್ರೆ ಸಿಗೋದು ಸುಮಾರು 1.6 ಕ್ಯಾಂಡೆಲಾ. ಅದನ್ನೇ ಒಂದು ಲೆನ್ಸ್ 30 ಡಿಗ್ರಿ ಕೋನ್‌ಗೆ ಕೂಡಿಸಿದ್ರೆ ಸುಮಾರು 47! ಅದಕ್ಕೇ ಲುಮೆನ್ ಜಾಸ್ತಿ ಅನ್ನೋ ಲೈಟ್‌ಗಿಂತ ಒಳ್ಳೆ ಲೆನ್ಸ್ ಇರೋ ಲೈಟ್ ಮೇಲು. ಆದ್ರೆ ಕೋನ್ ಕಿರಿದಾದಷ್ಟೂ ಗುರಿ ಮುಖ್ಯ. ಬ್ಯಾಗ್‌ಗೆ ಸಿಕ್ಕಿಸಿದ ಲೈಟ್ ಆಕಾಶ ನೋಡ್ತಿದ್ರೆ ಏನು ಪ್ರಯೋಜನ? ಕ್ಯಾರಿಯರ್ ಇರೋ ಸೈಕಲ್‌ನಲ್ಲಿ ಸೀಟಿನ ಕೆಳಗೂ ಬೇಡ, ಬ್ಯಾಗ್ ಇಟ್ಟ ತಕ್ಷಣ ಮುಚ್ಚಿಹೋಗುತ್ತೆ. ಕ್ಯಾರಿಯರ್‌ನ ತುದಿಗೇ ಹಾಕಿ, ರಸ್ತೆಗೆ ಸಮಾನಾಂತರವಾಗಿರಲಿ.

ಕಾಯಿನ್ ಸೆಲ್ ಹಾಕೋ ಪುಟಾಣಿ ಲೈಟ್‌ಗಳು ಊರೊಳಗೆ ಸರಿ. ಸಿಆರ್2032 ಸೆಲ್‌ನ ಸಾಮರ್ಥ್ಯ ಸುಮಾರು 220 ಮಿಲಿಆಂಪ್-ಅವರ್, ಇಂಟರ್ನಲ್ ರೆಸಿಸ್ಟೆನ್ಸ್ ಬೇರೆ ಜಾಸ್ತಿ, ಹೆಚ್ಚು ಕರೆಂಟ್ ಎಳೆದ್ರೆ ವೋಲ್ಟೇಜ್ ಕುಸಿಯುತ್ತೆ. 3.7 ವೋಲ್ಟ್, 500 ಮಿಲಿಆಂಪ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ 1.85 ವಾಟ್-ಅವರ್ ಇರುತ್ತೆ. ಅರ್ಧ ವಾಟ್ ಲೈಟ್‌ಗೆ ಮೂರು ಗಂಟೆ ಮೇಲೆ ಬರುತ್ತೆ. ಗುಬ್ಬಿಗೆ ಇರೋದು ಸುಮಾರು 20 ಕಿ.ಮೀ., ಧಾರಾಳವಾಗಿ ಸಾಕು. ಮಳೆಗೆ ಕನಿಷ್ಠ ಐಪಿಎಕ್ಸ್4 ನೋಡಿಕೊಳ್ಳಿ.

ಮಿನುಗೋ ಮೋಡ್ ಬಗ್ಗೆ ಜಗಳ ಮುಗಿಯಲ್ಲ. ಮಿನುಗು ಬೇಗ ಗಮನ ಸೆಳೆಯುತ್ತೆ, ನಿಜ; ಆದ್ರೆ ಕತ್ತಲಲ್ಲಿ ಅದು ಎಷ್ಟು ದೂರದಲ್ಲಿದೆ ಅಂತ ಅಂದಾಜು ಮಾಡೋದು ಕಷ್ಟ. ಜರ್ಮನಿಯಲ್ಲಂತೂ ಮಿನುಗೋ ಸೈಕಲ್ ಲೈಟ್‌ಗೆ ಅನುಮತಿಯೇ ಇಲ್ಲ. ನನ್ನ ಓಟು ಹಳ್ಳಿ ರಸ್ತೆಯಲ್ಲಿ ಸ್ಟೆಡಿ ಮೋಡ್‌ಗೆ, ಹಗಲಲ್ಲಿ ಮಿನುಗಿಗೆ.

ಕೆಂಪು ರಿಫ್ಲೆಕ್ಟರನ್ನ ಮಾತ್ರ ಸ್ಟೈಲ್‌ಗೋಸ್ಕರ ಕಿತ್ತು ಹಾಕ್ಬೇಡಿ. ಚಾರ್ಜ್ ಮುಗಿದ ದಿನ ಉಳಿಯೋದು ಅದೊಂದೇ.