ಲಾರಿಯ ಯಂತ್ರಕ್ಕೆ ಖನಿಜ ಎಣ್ಣೆಯೋ, ಸಿಂಥೆಟಿಕ್ ಎಣ್ಣೆಯೋ?

1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿದ ಭದ್ರಾವತಿಗೆ ಸೇರಿದ ಜನ್ನಾಪುರದಲ್ಲಿ ಯಂತ್ರಗಳ ಪರಿಚಯವು ಹೊಸದಲ್ಲ. ಭದ್ರಾ ನಾಲೆಯ ಬಯಲಿನ ಬತ್ತವನ್ನೂ ತೋಟದ ಅಡಕೆಯನ್ನೂ ಸಾಗಿಸುವುದಕ್ಕೆ ಸ್ವಂತ ಲಾರಿಯನ್ನು ಇಟ್ಟುಕೊಂಡಿರುವ ಜಮೀನ್ದಾರರು ಈ ಸೀಮೆಯಲ್ಲಿ ಉಂಟು. ಎತ್ತಿನ ಗಾಡಿಯ ಕಾಲದಲ್ಲಿ ಅಚ್ಚಿಗೆ ಹರಳೆಣ್ಣೆಯನ್ನು ಸವರಿದರೆ ಕೆಲಸ ಮುಗಿಯುತ್ತಿದ್ದಿತು. ಈಗಲಾದರೋ ಅಂಗಡಿಯವನು ಎರಡು ಬಗೆಯ ಡಬ್ಬಿಗಳನ್ನು ಮುಂದಿಡುವನು. ಒಂದರ ಬೆಲೆಯು ಇನ್ನೊಂದರ ಇಮ್ಮಡಿಗೆ ಸಮೀಪ. ಅಗ್ಗದ್ದನ್ನು ಕೊಂಡರೆ ಯಂತ್ರ ಕೆಟ್ಟೀತೆಂಬ ಭಯ, ದುಬಾರಿಯದನ್ನು ಕೊಂಡರೆ ಹಣ ವ್ಯರ್ಥವಾದೀತೆಂಬ ಸಂಶಯ. ಸಾಲದ ಮೇಲೆ ಕೊಂಡ ಲಾರಿಯ ಯಂತ್ರವು ಸುಗ್ಗಿಯ ನಡುವೆ ನಿಂತುಹೋದರೆ ಬಾಡಿಗೆಯೂ ಇಲ್ಲ, ಕಂತಿನ ಹಣವೂ ಹುಟ್ಟದು. ಆದುದರಿಂದ ಈ ವಿಷಯವನ್ನು ಮೂಲದಿಂದ ವಿಚಾರಿಸುವುದು ಯುಕ್ತ.

ಖನಿಜ ಎಣ್ಣೆಯೆಂದರೆ ಭೂಮಿಯಿಂದ ತೆಗೆದ ಕಚ್ಚಾ ತೈಲವನ್ನು ಬಟ್ಟಿಯಿಳಿಸಿ ಶುದ್ಧಿಮಾಡಿದುದು. ಅದರಲ್ಲಿ ದೊಡ್ಡವು, ಸಣ್ಣವು, ಮೇಣದಂತಹವು ಎಂಬ ನಾನಾ ಬಗೆಯ ಅಣುಗಳು ಬೆರೆತಿರುವುವು. ಸಿಂಥೆಟಿಕ್ ಎಣ್ಣೆಯಲ್ಲಿ ಅಣುಗಳು ಬಹುಮಟ್ಟಿಗೆ ಒಂದೇ ಅಳತೆಯವು. ಸೋನಾ ಮಸೂರಿಯೊಳಗೆ ನುಚ್ಚನ್ನೂ ಕಲ್ಲನ್ನೂ ಆರಿಸಿ ತೆಗೆದಂತೆ. ಹೀಗಿರುವುದರಿಂದ ಅದು ಕಾವಿಗೆ ಬೇಗ ಕೆಡದು, ಬೇಗ ಆವಿಯಾಗದು, ಕಡು ಚಳಿಯಲ್ಲಿ ಗಟ್ಟಿಯಾಗದು. ಆದರೆ ಡಬ್ಬಿಯ ಮೇಲಿನ ಹೆಸರನ್ನು ನಂಬಿ ಮೋಸಹೋಗಬಾರದು. ರಾಸಾಯನಿಕ ವಿಧಾನದಿಂದ ಹೊಸದಾಗಿ ಕಟ್ಟಿದ ಎಣ್ಣೆಯೂ ಸಿಂಥೆಟಿಕ್ ಎನಿಸಿಕೊಳ್ಳುವುದು. ಕಚ್ಚಾ ತೈಲವನ್ನೇ ಜಲಜನಕದೊಡನೆ ಅಧಿಕ ಒತ್ತಡದಲ್ಲಿ ಸಂಸ್ಕರಿಸಿದುದೂ ಅದೇ ಹೆಸರಿನಲ್ಲಿ ಮಾರಾಟವಾಗುವುದು. 1999ರಲ್ಲಿ ಅಮೆರಿಕದಲ್ಲಿ ಎರಡು ದೊಡ್ಡ ಕಂಪನಿಗಳ ನಡುವೆ ಈ ಹೆಸರಿನ ವಿಷಯವಾಗಿ ವ್ಯಾಜ್ಯವೇ ನಡೆದು, ಎರಡನೆಯದಕ್ಕೂ ಆ ಹೆಸರನ್ನು ಹೇಳಿಕೊಳ್ಳಲು ಎಡೆ ದೊರೆಯಿತು.

ಇನ್ನು ಡಬ್ಬಿಯ ಮೇಲಿನ ಅಂಕಿಗಳು. 15ಡಬ್ಲ್ಯು-40 ಎಂಬಲ್ಲಿ ಮೊದಲನೆಯ ಅಂಕಿಯು ಚಳಿಯಲ್ಲಿ ಎಣ್ಣೆಯು ಹರಿಯುವ ಬಗೆಯನ್ನೂ, ಎರಡನೆಯದು 100 ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ಅದರ ಮಂದತೆಯನ್ನೂ ತಿಳಿಸುವುವು. 15ಡಬ್ಲ್ಯು ಎಣ್ಣೆಯನ್ನು ಯಂತ್ರ ತಿರುಗಿಸುವ ಪರೀಕ್ಷೆಗೆ ಒಡ್ಡುವುದು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ. ಜನ್ನಾಪುರದಲ್ಲಿ ಮಾಗಿಯ ಮುಂಜಾವಿನಲ್ಲಿ ಸಹ ಹಿಮ ಕಟ್ಟುವುದಿಲ್ಲ. ಆದ್ದರಿಂದ ಚಳಿದೇಶಗಳಲ್ಲಿ ಸಿಂಥೆಟಿಕ್ ಎಣ್ಣೆಗೆ ಇರುವ ಮುಖ್ಯ ಹೆಚ್ಚುಗಾರಿಕೆಗೆ ಇಲ್ಲಿ ಹೆಚ್ಚು ಬೆಲೆ ತೆರಬೇಕಾದ ಕಾರಣವಿಲ್ಲ. ಕಾವು ಏರಿದ ಮೇಲೆ 40 ಎಂಬ ಗುರುತಿನ ಎರಡೂ ಎಣ್ಣೆಗಳು ಒಂದೇ ಮಿತಿಯೊಳಗಿನ ಮಂದತೆಯವು.

ಹಾಗಾದರೆ ಲಾಭವೆಲ್ಲಿ? ಭಾರ ಹೊತ್ತು ಘಟ್ಟವನ್ನು ಏರುವ ಲಾರಿಯಲ್ಲಿ ಟರ್ಬೋವಿನ ಬಳಿ ಎಣ್ಣೆಗೆ ಬಹಳ ಕಾವು ತಗುಲುವುದು. ಅಲ್ಲಿ ಸಿಂಥೆಟಿಕ್ ಎಣ್ಣೆಯು ಹೆಚ್ಚು ಕಾಲ ಬಾಳುವುದು ನಿಜ. ಒಂದು ಲೆಕ್ಕವನ್ನು ನೋಡಬಹುದು. ಬೆಲೆಗಳು ಉದಾಹರಣೆಗೆ ಮಾತ್ರ. ಯಂತ್ರವು 15 ಲೀಟರ್ ಎಣ್ಣೆಯನ್ನು ಹಿಡಿಯುವುದೆಂದೂ, ಖನಿಜ ಎಣ್ಣೆಗೆ ಲೀಟರಿಗೆ 300 ರೂಪಾಯಿ, ಸಿಂಥೆಟಿಕ್ಕಿಗೆ 600 ರೂಪಾಯಿ ಎಂದೂ, ಫಿಲ್ಟರು ಮತ್ತು ಕೂಲಿಗೆ 1,500 ರೂಪಾಯಿ ಎಂದೂ ಇಟ್ಟುಕೊಂಡರೆ, ಒಂದು ಸಲದ ಬದಲಾವಣೆಗೆ ಮೊದಲನೆಯದರಲ್ಲಿ 6,000, ಎರಡನೆಯದರಲ್ಲಿ 10,500 ರೂಪಾಯಿ ಆಗುವುದು. ಖನಿಜ ಎಣ್ಣೆಯನ್ನು 20,000 ಕಿಲೋಮೀಟರಿಗೆ ಬದಲಿಸುವವನಿಗೆ ಸಿಂಥೆಟಿಕ್ ಎಣ್ಣೆಯು 35,000 ಕಿಲೋಮೀಟರು ಓಡಿದರೆ ಮಾತ್ರ ಎರಡೂ ಸಮ. ಅಷ್ಟು ದೂರ ಓಡಿಸಲು ಲಾರಿ ತಯಾರಕರ ಕೈಪಿಡಿಯಲ್ಲಿ ಅನುಮತಿಯಿದೆಯೇ ಎಂದು ಮೊದಲು ನೋಡತಕ್ಕದ್ದು. ಇಲ್ಲದಿದ್ದಲ್ಲಿ ದುಬಾರಿ ಎಣ್ಣೆಯನ್ನು ಹಳೆಯ ಅವಧಿಗೇ ಚೆಲ್ಲಬೇಕಾಗಿ ಬಂದು ಹಣವು ದಂಡವಾಗುವುದು.

ಎಣ್ಣೆಯನ್ನು ಕೆಡಿಸುವುದು ಕಾವೊಂದೇ ಅಲ್ಲವೆಂಬುದನ್ನು ಮರೆಯುವವರೇ ಬಹಳ. ಡೀಸೆಲಿನ ಮಸಿ, ಸೋರಿ ಬೆರೆಯುವ ಡೀಸೆಲು, ಗಾಳಿಯ ಫಿಲ್ಟರಿನ ಸಂದಿಯಿಂದ ನುಸುಳುವ ಕೆಮ್ಮಣ್ಣಿನ ಧೂಳು, ಇವು ಎಣ್ಣೆಯ ಜಾತಿಯನ್ನು ನೋಡುವುದಿಲ್ಲ. ಕಬ್ಬಿನ ಲಾರಿಯು ಕಾರ್ಖಾನೆಯ ಬಾಗಿಲಲ್ಲಿ ಯಂತ್ರವನ್ನು ಆರಿಸದೆ ಸಾಲಿನಲ್ಲಿ ನಿಂತರೆ ಕಿಲೋಮೀಟರು ಏರದು, ಎಣ್ಣೆ ಮಾತ್ರ ಸವೆಯುವುದು. ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಂತ ಲಾರಿಯಲ್ಲಿ ತೇವವು ಎಣ್ಣೆಗೆ ಇಳಿಯುವುದು. ಇಂತಹ ಕೆಲಸದ ಲಾರಿಗೆ ಒಳ್ಳೆಯ ಖನಿಜ ಎಣ್ಣೆಯನ್ನು ಬೇಗ ಬೇಗ ಬದಲಿಸುವುದೇ ಮೇಲು. ದೂರದ ಹೆದ್ದಾರಿಯಲ್ಲಿ ಹಗಲಿರುಳು ಓಡುವ ಲಾರಿಗೆ ಸಿಂಥೆಟಿಕ್ಕು ಒಪ್ಪುವುದು.

ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದುಂಟು. 2020ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮಕ್ಕೆ ಅನುಸಾರವಾದ ಲಾರಿಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಜಾಲರಿಯುಂಟು. ಮಸಿಯು ಅಲ್ಲಿ ಸುಟ್ಟುಹೋಗುವುದು; ಎಣ್ಣೆಯೊಳಗಿನ ಲೋಹದ ಔಷಧಗಳಿಂದ ಹುಟ್ಟುವ ಬೂದಿಯು ಸುಡುವುದಿಲ್ಲ. ಆದಕಾರಣ ಅವಕ್ಕೆ ಬೂದಿ ಕಡಮೆಯಾದ, ಸಿ.ಕೆ.-4 ಅಥವಾ ತಯಾರಕರು ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕತಕ್ಕದ್ದು. ದರ್ಜೆ ತಪ್ಪಿದರೆ ಅತ್ಯುತ್ತಮ ಸಿಂಥೆಟಿಕ್ಕೂ ಜಾಲರಿಯನ್ನು ಕಟ್ಟಿಸುವುದು. ದರ್ಜೆ ಸರಿಯಾಗಿದ್ದರೆ ಖನಿಜ ಎಣ್ಣೆಯೂ ಸಲ್ಲುವುದು. (ಇದೇ ಲಾರಿಗಳಿಗೆ ಬೇಕಾದ ಯೂರಿಯಾ ದ್ರವವನ್ನು ಗೊಬ್ಬರದ ಯೂರಿಯಾದಿಂದ ಮನೆಯಲ್ಲೇ ಕಲಸುವ ಯೋಚನೆ ಕೆಲವರಿಗೆ ಹೊಳೆಯುವುದುಂಟು. ಬೇವಿನೆಣ್ಣೆ ಲೇಪಿಸಿದ ಆ ಯೂರಿಯಾ ಗದ್ದೆಗೇ ಸರಿ. ಲಾರಿಗೆ ಹಾಕಿದರೆ ಹೊಗೆ ಶುದ್ಧಿಯ ಯಂತ್ರವೇ ಕೆಡುವುದು.)

ಕೆಲವು ತಪ್ಪು ತಿಳಿವಳಿಕೆಗಳೂ ಪ್ರಚಾರದಲ್ಲಿವೆ. ಎರಡು ಬಗೆಯ ಎಣ್ಣೆಗಳು ಬೆರೆತರೆ ಒಡೆದ ಹಾಲಿನಂತಾಗುವುವೆಂಬುದು ಸುಳ್ಳು. ದರ್ಜೆ ಒಂದೇ ಆಗಿದ್ದರೆ ದಾರಿಯಲ್ಲಿ ಕಡಮೆಯಾದುದನ್ನು ತುಂಬಿಕೊಳ್ಳಬಹುದು, ಆದರೆ ದುಬಾರಿಯ ಎಣ್ಣೆಯ ಗುಣ ಅಷ್ಟಕ್ಕಷ್ಟು ತಗ್ಗುವುದು. ಎಣ್ಣೆ ಕಪ್ಪಾದೊಡನೆ ಕೆಟ್ಟಿತೆನ್ನುವುದೂ ಸರಿಯಲ್ಲ; ಡೀಸೆಲ್ ಯಂತ್ರದಲ್ಲಿ ಎಣ್ಣೆಯು ಮಸಿಯನ್ನು ತನ್ನಲ್ಲಿ ತೇಲಿಸಿ ಹಿಡಿದಿಟ್ಟು ಕಪ್ಪಾಗುವುದು, ಅದು ಅದರ ಕೆಲಸ. ಹಳೆಯ ಯಂತ್ರಕ್ಕೆ ಸಿಂಥೆಟಿಕ್ಕು ಹಾಕಿದರೆ ಸೋರುವುದೆಂಬ ದೂರಿನಲ್ಲಿ ಅರ್ಧ ಸತ್ಯವುಂಟು: ಸವೆದ ರಬ್ಬರು ಸೀಲನ್ನು ಮುಚ್ಚಿದ್ದ ಕೊಳೆ ಕರಗಿದಾಗ ಮೊದಲೇ ಇದ್ದ ದೋಷವು ಹೊರಬೀಳುವುದು. ಯಾವುದನ್ನು ಕೊಂಡರೂ ಮುಚ್ಚಳದ ಮೊಹರನ್ನು ನೋಡಿ, ರಸೀದಿಯನ್ನು ಪಡೆಯತಕ್ಕದ್ದು. ಹಳೆಯ ಡಬ್ಬಿಯಲ್ಲಿ ಸೋಸಿದ ಎಣ್ಣೆಯನ್ನು ತುಂಬಿ ಮಾರುವ ವಂಚನೆಯು ಎಲ್ಲಾ ಪೇಟೆಗಳಲ್ಲೂ ಇರತಕ್ಕದ್ದೇ. ಖಾಲಿ ಡಬ್ಬಿಯನ್ನು ಗುಜರಿಗೆ ಹಾಕುವ ಮೊದಲು ತೂತು ಮಾಡುವುದು ಒಳ್ಳೆಯದು.

ಇಳಿಸಿದ ಹಳೆಯ ಎಣ್ಣೆಯನ್ನು ತೋಟದ ಬದುವಿಗೆ ಚೆಲ್ಲುವುದು, ಗೆದ್ದಲಿಗೆಂದು ಕೊಟ್ಟಿಗೆಯ ಕಂಬಗಳಿಗೆ ಬಳಿಯುವುದು, ನಾಲೆಯಲ್ಲಿ ಡಬ್ಬಿ ತೊಳೆಯುವುದು ಇವುಗಳನ್ನು ಗ್ರಾಮದ ಮುಖ್ಯಸ್ಥರು ತಡೆಯಬೇಕು. ಅದರಲ್ಲಿ ಸವೆದ ಲೋಹವೂ ಮಸಿಯೂ ಇರುವುವು. ದನಗಳು ಆ ಕಂಬವನ್ನೇ ನೆಕ್ಕುವುವು. ಮುಚ್ಚಳವಿರುವ ಪೀಪಾಯಿಯಲ್ಲಿ ಕೂಡಿಟ್ಟು, ಪರವಾನಗಿ ಪಡೆದ ಖರೀದಿದಾರರಿಗೆ ಒಪ್ಪಿಸತಕ್ಕದ್ದು.