ಕಡಲ ಮೀನಿಗೆ ಲೆಕ್ಕವಿಡುವವರು

ಸಂತೆಗೆ ಬಂದ ಮೀನನ್ನು ತೂಗಿ ಲೆಕ್ಕ ಹಾಕಬಹುದು. ನೀರಿನಲ್ಲಿಯೇ ಉಳಿದುದರ ಲೆಕ್ಕವನ್ನಿಡುವವರು ಯಾರು? ಅಮೆರಿಕದ ಫ್ಲೋರಿಡಾದಲ್ಲಿ 1990ರಲ್ಲಿ ಸ್ಥಾಪಿತವಾದ ‘ರೀಫ್’ ಸಂಸ್ಥೆಯು ಈ ಕಾರ್ಯವನ್ನು ವಿಹಾರಕ್ಕೆಂದು ಕಡಲಿಗಿಳಿಯುವ ಸಾಮಾನ್ಯರಿಗೇ ವಹಿಸಿತು. 1993ರಲ್ಲಿ ಮೊದಲಾದ ಈ ಗಣತಿಯಲ್ಲಿ ಆಳಕ್ಕೆ ಮುಳುಗುವವರೂ, ಉಸಿರುಗೊಳವೆ ಕಚ್ಚಿ ಮೇಲೆಯೇ ಈಜುವವರೂ ಪಾಲುಗೊಳ್ಳುತ್ತಾರೆ. ಸಂಬಳವಿಲ್ಲ.

ಕಂಡ ಜಾತಿಗಳನ್ನು ನೀರಿನೊಳಗೂ ಬರೆಯಬಲ್ಲ ಹಲಗೆಯ ಮೇಲೆ ಗುರುತಿಸುವುದೇ ಕ್ರಮ. ಒಂದೇ ಕಂಡರೆ ‘ಒಂಟಿ’, 2ರಿಂದ 10 ‘ಕೆಲವು’, 11ರಿಂದ 100 ‘ಹಲವು’, ಮೀರಿದರೆ ‘ವಿಪುಲ’. ಗಿಣಿಮೀನಿನಂಥವು ಮರಿಯಾಗಿದ್ದಾಗ ಒಂದು ಬಣ್ಣ, ಬೆಳೆದಾಗ ಇನ್ನೊಂದು ಬಣ್ಣ ತಾಳಿ ಎಣಿಸುವವರನ್ನು ಏಮಾರಿಸುತ್ತವೆ. ಗುರುತು ಖಚಿತವಾಗದ ಮೀನನ್ನು ಬರೆಯಕೂಡದು. ಊಹೆಯ ನಮೂದಿಗಿಂತ ಖಾಲಿ ಸಾಲೇ ಲೇಸೆಂಬುದನ್ನು ಖಾತೆಪುಸ್ತಕ ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಕಣ್ಣಾರೆ ಕಂಡು ಎಣಿಸುವುದರ ಬೆಲೆ ಕೆರೀಬಿಯನ್ ಕಡಲಿನ ಕೇಮನ್ ದ್ವೀಪಗಳಲ್ಲಿ ಮನಗಾಣುವಂತಾಯಿತು. ನಸ್ಸಾವ್ ಗ್ರೂಪರ್ ಎಂಬ ದೊಡ್ಡ ಮೀನುಗಳು ಚಳಿಗಾಲದ ಹುಣ್ಣಿಮೆಯ ಆಸುಪಾಸಿನಲ್ಲಿ ಮೊಟ್ಟೆಯಿಡಲು ಒಂದೆಡೆ ನೆರೆಯುತ್ತವೆ. ಬೆಸ್ತರಿಗೆ ಅದೇ ಸುಗ್ಗಿ. ಲಿಟಲ್ ಕೇಮನ್ ಬಳಿ 2001ರಲ್ಲಿ ಪತ್ತೆಯಾದ ಸುಮಾರು 7,000 ಮೀನುಗಳ ಪೈಕಿ ಎರಡೇ ಋತುಗಳಲ್ಲಿ ಸುಮಾರು 4,000 ಗಾಳಕ್ಕೆ ಬಿದ್ದವು. 2003ರಲ್ಲಿ ಸರ್ಕಾರವು ಅಂಥ ನೆಲೆಗಳಲ್ಲಿ ಮೀನುಹಿಡಿಯುವುದನ್ನು ನಿಷೇಧಿಸಿತು. ರೀಫ್‌ನ ಸ್ವಯಂಸೇವಕರು ವಿಜ್ಞಾನಿಗಳೊಡನೆ ವರ್ಷವರ್ಷವೂ ಅಲ್ಲಿಳಿದು ಎಣಿಸಿದರು. ಈ ಮೀನು ಪ್ರಾಯಕ್ಕೆ ಬರಲು ಹಲವು ವರ್ಷಗಳು ಬೇಕಾದುದರಿಂದ ಬಹುಕಾಲ ಅಂಕಿಗಳು ಮೇಲೇಳಲಿಲ್ಲ; ಎಣಿಕೆ ಮಾತ್ರ ನಿಲ್ಲಲಿಲ್ಲ. ಸಂತತಿಯು ಮೂರು ಪಟ್ಟಿಗೂ ಮಿಗಿಲಾಗಿ ವೃದ್ಧಿಸಿದುದನ್ನು 2020ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿಕೊಟ್ಟಿತು.