ಚಂಡಮಾರುತಕ್ಕೆ ಹೆಸರೇಕೆ?

2021ರ ಮೇ ತಿಂಗಳಲ್ಲಿ ಕರ್ನಾಟಕದ ಕರಾವಳಿಯನ್ನು ಕಾಡಿದ 'ತೌಕ್ತೆ' ಚಂಡಮಾರುತ ನಿಮಗೆ ನೆನಪಿರಬಹುದು. ಮ್ಯಾನ್ಮಾರ್ ಸೂಚಿಸಿದ ಈ ಹೆಸರಿನ ಅರ್ಥ ಒಂದು ಬಗೆಯ ಹಲ್ಲಿ! ಚಂಡಮಾರುತಕ್ಕೆ ಹೆಸರಾದರೂ ಏಕೆ ಬೇಕು?

ಸಾಗರದಲ್ಲಿ ಏಕಕಾಲಕ್ಕೆ ಎರಡು ಚಂಡಮಾರುತಗಳಿರಬಹುದು. ಅವುಗಳನ್ನು ಅಕ್ಷಾಂಶ, ರೇಖಾಂಶಗಳಿಂದ ಗುರುತಿಸಹೊರಟರೆ ಆ ಅಂಕಿಗಳು ಸತತವಾಗಿ ಬದಲಾಗುತ್ತಿರುತ್ತವೆ. ಚಿಕ್ಕ ಹೆಸರಾದರೆ, ರೇಡಿಯೊದಲ್ಲಿ ಮುನ್ನೆಚ್ಚರಿಕೆ ಕೇಳುವ ಮೀನುಗಾರನಿಗೆ ಗೊಂದಲವಾಗದು.

ಬಂಗಾಳ ಕೊಲ್ಲಿ ಹಾಗೂ ಅರಬ್ಬೀ ಸಮುದ್ರಗಳಲ್ಲಿ ಈ ಪದ್ಧತಿ 2004ರಲ್ಲಿ 'ಒನಿಲ್'ನಿಂದ ಆರಂಭವಾಯಿತು. ಎಂಟು ರಾಷ್ಟ್ರಗಳು ನೀಡಿದ್ದ 64 ಹೆಸರುಗಳು 2020ರ 'ಅಂಫಾನ್'ನೊಂದಿಗೆ ಮುಗಿದವು. ಅದೇ ವರ್ಷ ಪ್ರಕಟವಾದ ಹೊಸ ಪಟ್ಟಿಯಲ್ಲಿ 13 ರಾಷ್ಟ್ರಗಳ 169 ಹೆಸರುಗಳಿವೆ. ಗಾಳಿಯ ವೇಗ ಗಂಟೆಗೆ 62 ಕಿಮೀ ತಲಪಿದಾಗ ಭಾರತ ಹವಾಮಾನ ಇಲಾಖೆಯು ಸರದಿಯ ಹೆಸರನ್ನು ಘೋಷಿಸುತ್ತದೆ. ಇಲ್ಲಿ ಒಮ್ಮೆ ಬಳಸಿದ ಹೆಸರು ಮತ್ತೆ ಬರುವುದಿಲ್ಲ. ಅಟ್ಲಾಂಟಿಕ್ ಸಾಗರದಲ್ಲಾದರೋ ಆರು ಪಟ್ಟಿಗಳು ವರ್ಷಕ್ಕೊಂದರಂತೆ ಆವರ್ತಿಸುತ್ತವೆ. 2005ರ 'ಕತ್ರೀನಾ'ದಂತೆ ಭಾರೀ ಹಾನಿ ಮಾಡಿದವುಗಳ ಹೆಸರನ್ನು ಮಾತ್ರ ಕೈಬಿಡಲಾಗುತ್ತದೆ.

ಒಂದು ಅಂಶ ಗಮನಿಸಿ. ಹೆಸರು ಗುರುತೇ ಹೊರತು ತೀವ್ರತೆಯ ಅಳತೆಯಲ್ಲ. 2020ರ ಜೂನ್‌ನಲ್ಲಿ ಮಹಾರಾಷ್ಟ್ರದ ಅಲಿಬಾಗ್ ಬಳಿ ಅಪ್ಪಳಿಸಿದ 'ನಿಸರ್ಗ'ದ ಹೆಸರು ಸೌಮ್ಯ. ಆದರೆ ಅದು 'ತೀವ್ರ ಚಂಡಮಾರುತ'ವಾಗಿತ್ತು. ಆದ್ದರಿಂದ ಹೆಸರಿನೊಂದಿಗೆ ಪ್ರಕಟವಾಗುವ ಗಾಳಿಯ ವೇಗ, ಸಾಗುವ ದಿಕ್ಕು ಮತ್ತು ದಡ ಸೇರುವ ವೇಳೆಯನ್ನು ತಪ್ಪದೆ ಕೇಳಿ. ಪ್ರಾಣ ಉಳಿಸುವ ಮಾಹಿತಿ ಅದು.